ಗಿರಣಿಯ ಪಕ್ಕದ ಕಂಪ್ಯೂಟರ್

ಮೊನ್ನೆ ಹಳೆಯ ಟ್ರಂಕು ತೆಗೆದು ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ತಳದಲ್ಲಿ ಒಂದು ಗವಸು ಸಿಕ್ಕಿತು. ನೀಲಿ ಬಟ್ಟೆ, ಅಂಚಿಗೆ ಕೆಂಪು ಪಟ್ಟಿ, ಹಿಂದುಗಡೆ ವೈರು ಹೊರಬರಲಿಕ್ಕೆ ಒಂದು ಕಿಂಡಿ. ಈಗಿನ ಹುಡುಗಿಯರಿಗೆ ತೋರಿಸಿದರೆ ಹೊಲಿಗೆ ಮಷೀನಿನ ಗವಸು ಅಂದಾರು. ಅಲ್ಲವೇ ಅಲ್ಲ, ಅದು ಕಂಪ್ಯೂಟರಿನ ಗವಸು, ನಾನೇ ಕೈಯಾರೆ ಹೊಲಿದದ್ದು. ಲಂಗಕ್ಕೆಂದು ತಂದ ಬಟ್ಟೆ ಅದಕ್ಕೆ ಹೋಯಿತು. ಆಗ ಕಂಪ್ಯೂಟರಿಗೆ ಬಟ್ಟೆ ತೊಡಿಸುವ ಕಾಲ. ಪರದೆಗೊಂದು, ಪೆಟ್ಟಿಗೆಗೊಂದು, ಕೀಲಿಮಣೆಗೊಂದು. ಚಪ್ಪಲಿ ಹೊರಗೆ ಬಿಟ್ಟು ಕಾಲು ತೊಳೆದುಕೊಂಡು ಒಳಗೆ ಬರಬೇಕು. ಮಹಾನವಮಿಗೆ ಪರದೆಯ ಹಣೆಗೆ ಮೂರು ಬೆರಳಿನ ವಿಭೂತಿ. ದೇವಾಪುರದಿಂದ ಕಲಿಯಲು ಬರುತ್ತಿದ್ದ ಒಬ್ಬ ಹುಡುಗಿ ಮೊದಲ ದಿನ ಕೀಲಿ ಮುಟ್ಟುವ ಮುಂಚೆ ಎರಡೂ ಕಣ್ಣಿಗೆ ಕೈ ಒತ್ತಿಕೊಂಡಿದ್ದಳು. ನಾನು ನಕ್ಕಿರಲಿಲ್ಲ, ಯಾಕೆಂದರೆ ಹಿಂದಿನ ವಾರ ನಾನೂ ಹಾಗೆಯೇ ಮಾಡಿದ್ದೆ.

ಗವಸು ಟ್ರಂಕಿನ ತಳ ಸೇರಿದ್ದೇಕೆ ಎಂದು ಕೇಳಿ. ಕಂಪ್ಯೂಟರ್ ಸತ್ತದ್ದಕ್ಕಲ್ಲ. ಆ ಕಂಪ್ಯೂಟರ್ ಇನ್ನೂ ಓಡುತ್ತಿದೆ, ಅದಕ್ಕೆ ಗವಸು ಹಾಕಿಸಿಕೊಳ್ಳಲು ಪುರುಸೊತ್ತೇ ಇಲ್ಲ.

ಸುರಪುರಕ್ಕೆ ಅಂಟಿಕೊಂಡ ನಮ್ಮ ರಂಗಂಪೇಟೆಯಲ್ಲಿ ನಾನು ಮೊದಲು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದೆ, ಆಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್. ಹಾಗಾಗಿ ಊರಿಗೆಲ್ಲ ನಾನು ‘ಅಕ್ಕೋರು’. ಕ್ಲಾಸ್ ಮುಚ್ಚಿ ಎಷ್ಟೋ ಕಾಲವಾಯಿತು. ಉಳಿದ ಯಂತ್ರಗಳನ್ನೆಲ್ಲ ಒಯ್ದರು, ಇದೊಂದನ್ನು ಮಾತ್ರ ನಾನು ಕೊಡಲಿಲ್ಲ. ನಮ್ಮ ಯಜಮಾನರಿಗೆ ಇದನ್ನು ಕಂಡರೆ ಆಗದು. ಅವರು ಶಹಾಪುರದವರು. ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಊರಿನಲ್ಲಿ ಹುಟ್ಟಿದರೂ ಶಾಂತಿ ಕಡಿಮೆ.

“ಏನ್ ಮಾಡ್ತೀ ಅದನ್ನ ಇಟ್ಕೊಂಡು? ಹಳೇ ಸಾಮಾನಿನ ಮೋಡಕಾದವನಿಗೆ ಹಾಕು, ಜಾಗಾ ಆದ್ರೂ ಆಗ್ತದ” ಎಂದು ವಾರಕ್ಕೊಮ್ಮೆ ಅನ್ನುತ್ತಾರೆ.

“ಮೋಡಕಾದವ ಹಳೇವೆಲ್ಲಾ ಒಯ್ತಾನ್ರೀ, ನೀವು ಜರಾ ಒಳಗ ಸರೀರಿ” ಎಂದು ನಾನೂ ವಾರಕ್ಕೊಮ್ಮೆ ಅನ್ನುತ್ತೇನೆ. ನಮ್ಮ ಸಂಸಾರ ಹೀಗೆ ಸುಸೂತ್ರವಾಗಿದೆ.

ಇಷ್ಟು ಹಳೆಯ ಯಂತ್ರ ಏನು ಕೆಲಸ ಮಾಡುತ್ತದೆ ಎಂದು ನಿಮಗೂ ಅನ್ನಿಸಿರಬೇಕು. ಹೇಳುತ್ತೇನೆ, ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಂಡೇ ಹೇಳುತ್ತೇನೆ. ಕಂಪ್ಯೂಟರ್ ಎಚ್ಚರಾಗಬೇಕಾದರೆ ಅದರೊಳಗೆ ಒಂದು ಮೂಲ ವ್ಯವಸ್ಥೆ ಬೇಕು, ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರೆ. ಕಂಪನಿಗಳು ಮಾರುವಂಥವು ಕೆಲವು. ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದಂಥವು ಇನ್ನು ಕೆಲವು. ಈ ಎರಡನೆಯ ಬಗೆಯದನ್ನು ಹಳೆಯ ಹಳೆಯ ಪ್ರೊಸೆಸರುಗಳ, ಅಂದರೆ ಕಂಪ್ಯೂಟರಿನ ಮಿದುಳುಗಳ, ಮೇಲೂ ಓಡುವಂತೆ ಕಾಪಾಡಿಕೊಂಡು ಬರುವ ಒಂದು ಬಳಗವಿದೆ. ಜಗತ್ತಿನ ಮೂಲೆ ಮೂಲೆಯಲ್ಲಿ ಕೂತ ಜನ, ಒಬ್ಬರ ಮುಖ ಒಬ್ಬರು ಕಂಡಿಲ್ಲ, ಯಾರಿಗೂ ಸಂಬಳವಿಲ್ಲ. ಕಂಪನಿಗಳು ಕೈಬಿಟ್ಟ ಪ್ರೊಸೆಸರ್ ಎಲ್ಲೋ ಒಂದು ಶಾಲೆಯಲ್ಲಿ, ಎಲ್ಲೋ ಒಂದು ವರ್ಕ್‌ಶಾಪಿನಲ್ಲಿ ಇನ್ನೂ ಉಸಿರಾಡುತ್ತಿದ್ದರೆ ಅದಕ್ಕೆ ಹೊಸ ವ್ಯವಸ್ಥೆ ಸಿಗಲಿ ಎಂಬುದು ಅವರ ಹಟ. ಅವರೊಳಗೆ ನಾನೂ ಒಬ್ಬಳು. ರಂಗಂಪೇಟೆಯಿಂದ ಒಬ್ಬಳೇ.

ನಾನು ಅದರೊಳಗೆ ಬಿದ್ದದ್ದು ದಡ್ಡತನದಿಂದ. ಕ್ಲಾಸ್ ನಡೆಯುವಾಗ ಯಾರೋ ತಂದುಕೊಟ್ಟ ಸಿ.ಡಿ.ಯಿಂದ ಆ ವ್ಯವಸ್ಥೆಯನ್ನು ಹಾಕಿಕೊಂಡಿದ್ದೆ. ಒಂದು ದಿನ ಪರದೆ ಬರೀ ಕಪ್ಪಾಯಿತು. ಪಕ್ಕದ ಇನ್ನೊಂದು ಯಂತ್ರದಿಂದ ಬಳಗದ ವಿಳಾಸಕ್ಕೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ಟೈಪಿಂಗ್ ಕ್ಲಾಸಿನವಳಲ್ಲವೇ, ನನಗೆ ಗೊತ್ತಿದ್ದದ್ದು ಒಂದೇ ನಮೂನೆ: ಮಾನ್ಯರೇ, ತಮ್ಮ ಪಾದಾರವಿಂದಗಳಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಎಂಬಂಥ ಧಾಟಿ. ಕೊನೆಗೆ ‘ತಮ್ಮ ವಿಧೇಯಳು’. ಅಲ್ಲಿ ಎಲ್ಲರೂ ಎರಡು ಸಾಲಿನಲ್ಲಿ ಮಾತು ಮುಗಿಸುವವರು. ನನ್ನ ಅರ್ಜಿ ಓದಿ ಎಷ್ಟು ನಕ್ಕರೋ! ಆದರೆ ಪೀಟರ್ ಎಂಬೊಬ್ಬರು, ಎಲ್ಲೋ ಹಿಮ ಬೀಳುವ ದೇಶದ ಹಿರಿಯರು, ಬಲು ಗಂಭೀರವಾಗಿ ಉತ್ತರಿಸಿದರು. ಪರದೆಯ ವೈರು ಸಡಿಲಾಗಿದೆಯೇ ನೋಡಿ ಅಂದರು. ನೋಡಿದೆ, ಸಡಿಲಾಗಿತ್ತು. ನಾಚಿಕೆಯಿಂದ ಎರಡು ದಿನ ಕಂಪ್ಯೂಟರಿನ ಮುಖ ನೋಡಲಿಲ್ಲ.

ಮೂರನೆಯ ದಿನ ಪೀಟರ್ ಅವರೇ ಮತ್ತೆ ಬರೆದರು. ನಿಮ್ಮಲ್ಲಿರುವ ಪ್ರೊಸೆಸರ್ ಯಾವುದು ಎಂದು ನಿಮ್ಮ ಪತ್ರದಲ್ಲಿ ನೋಡಿದೆ, ಅದು ನಿಜವಾಗಿ ಓಡುತ್ತಿದೆಯೇ? ನಮ್ಮಲ್ಲಿ ಯಾರ ಬಳಿಯೂ ನಿಜವಾದದ್ದು ಉಳಿದಿಲ್ಲ, ಅದರ ಹಾಗೆ ನಟಿಸುವ ಒಂದು ಪ್ರೋಗ್ರಾಮಿನ ಮೇಲೆ ಪರೀಕ್ಷೆ ಮಾಡುತ್ತೇವೆ ಅಷ್ಟೇ. ಹೊಸ ಆವೃತ್ತಿ ಬಂದಾಗಲೆಲ್ಲ ನೀವು ಓಡಿಸಿ ನೋಡಿ ಹೇಳುತ್ತೀರಾ? ಪತ್ರದ ಕೊನೆಗೆ ‘ತಮ್ಮ ವಿಧೇಯ’ ಎಂದು ಸಹಿ. ಅಂದಿನಿಂದ ಅವರ ಸಹಿ ಹಾಗೆಯೇ ಇದೆ. ನನಗೆ ಆದ ಸಂತೋಷ ಏನು ಹೇಳಲಿ! ಸುರಪುರ ತಾಲೂಕಿನಲ್ಲಿ ಯಾರೂ ನನ್ನನ್ನು ‘ಹೇಳುತ್ತೀರಾ’ ಎಂದು ಕೇಳಿರಲಿಲ್ಲ, ಎಲ್ಲರೂ ‘ಹೇಳಿಕೊಡ್ರಿ’ ಎಂದಷ್ಟೇ ಕೇಳುತ್ತಿದ್ದರು.

ಇನ್ನು ಗಿರಣಿ. ನಮ್ಮ ಮನೆಗೂ ಮಲ್ಲಣ್ಣನ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ. ಮಲ್ಲಣ್ಣ ಮತ್ತು ನಾನು ಒಂದೇ ಶಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂತವರು. ಆಗ ಗಿರಣಿ ಅವರ ಅಪ್ಪನ ಕೈಯಲ್ಲಿತ್ತು, ಡೀಸೆಲ್ ಇಂಜಿನ್ ಮೇಲೆ ಓಡುತ್ತಿತ್ತು. ಅವ್ವ ನನ್ನ ತಲೆಯ ಮೇಲೆ ಜೋಳದ ಡಬ್ಬಿ ಇಟ್ಟು ಕಳಿಸುತ್ತಿದ್ದಳು. ಡಬ್ಬಿಗಳನ್ನೇ ಸಾಲಾಗಿಟ್ಟು ನಾವು ಕಟ್ಟೆಯ ಮೇಲೆ ಕೂರುತ್ತಿದ್ದೆವು. ಡಬ್ಬಿ ಪಾಳಿ ಕಾಯುತ್ತಿತ್ತು, ನಾವು ಆಡುತ್ತಿದ್ದೆವು. ಮಲ್ಲಣ್ಣನ ಅಪ್ಪ ಬೀಳುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, ಕಣ್ಣು ಮುಚ್ಚಿ, ತಿರುಪು ಒಂದು ಕಾಳಿನಷ್ಟು ತಿರುವುತ್ತಿದ್ದರು. ಅವರ ರೆಪ್ಪೆ, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಚಳಿಗಾಲದಲ್ಲಿ ಬಿಸಿ ಹಿಟ್ಟಿನ ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಮನೆಗೆ ಬರುವ ಸುಖ ಈಗ ಯಾವ ಕಂಬಳಿಯಲ್ಲೂ ಸಿಗುವುದಿಲ್ಲ. ದಾರಿಯಲ್ಲಿ ನಾನು ಮುಚ್ಚಳ ತೆಗೆದು ಹಿಟ್ಟು ಮುಕ್ಕುತ್ತಿದ್ದೆ, ಮನೆಗೆ ಬಂದು ‘ಗಿರಣ್ಯಾಗ ಕಮ್ಮಿ ಹಾಕ್ಯಾರ’ ಅನ್ನುತ್ತಿದ್ದೆ. ನೋಡಿ, ಗಿರಣಿಯ ಮೇಲೆ ತಪ್ಪು ಹೊರಿಸುವ ಅಭ್ಯಾಸ ನನಗೆ ಆಗಿನಿಂದಲೇ.

ಈಗ ಗಿರಣಿಗೆ ಕರೆಂಟಿನ ಮೋಟಾರು. ಅದು ಶುರುವಾಗುವಾಗ ನಮ್ಮ ಮನೆಯ ಬಲ್ಬು ಒಮ್ಮೆ ಕುಗ್ಗಿ ಏಳುತ್ತದೆ. ಕರೆಂಟು ಪೂರ್ತಿ ಹೋದರೆ ಇನ್ವರ್ಟರ್ ಹಿಡಿದುಕೊಳ್ಳುತ್ತದೆ. ಆದರೆ ಹೀಗೆ ಕುಸಿದು, ಎದ್ದು, ಮತ್ತೆ ಕುಸಿದರೆ ಕರೆಂಟು ಇದೆಯೋ ಹೋಯಿತೋ ಇನ್ವರ್ಟರಿಗೇ ತಿಳಿಯುವುದಿಲ್ಲ. ಅಷ್ಟರೊಳಗೆ ನನ್ನ ಕಂಪ್ಯೂಟರ್ ಮಲಗಿ ಎದ್ದಿರುತ್ತದೆ. ಅದಕ್ಕೇ ಮಲ್ಲಣ್ಣ ಮೋಟಾರಿನ ಗುಂಡಿ ಒತ್ತುವ ಮುಂಚೆ ಗೋಡೆಯಾಚೆಯಿಂದ ಕೂಗುವ ಪದ್ಧತಿ ಇಟ್ಟುಕೊಂಡಿದ್ದ.

“ಅಕ್ಕೋರಽ! ಮೋಟಾರ್ ಹಾಕಾಕತ್ತೇನ್ರೀ!”

“ತಡಿ ಮಲ್ಲಣ್ಣ, ಬರದಿದ್ದು ಉಳಿಸ್ಕೊಂತೀನಿ... ಹ್ಞಾ, ಹಾಕಪ್ಪ!”

ಹಾಕಿದ ವೇಳೆಯನ್ನು ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ. ಕಂಪ್ಯೂಟರ್ ನಿಂತ ವೇಳೆಯನ್ನೂ ಅದರಲ್ಲೇ ಬರೆಯುತ್ತಿದ್ದೆ. ನಿಲ್ಲುವುದರಲ್ಲಿ ಎರಡು ಬಗೆ ಇತ್ತು. ಒಂದು, ಪರದೆ ಕಪ್ಪಾಗಿ ಮೊದಲಿನಿಂದ ಶುರುವಾಗುವುದು. ಇನ್ನೊಂದು, ಕಣ್ಣು ಬಿಟ್ಟುಕೊಂಡೇ ಗರಬಡಿದಂತೆ ಸ್ತಬ್ಧವಾಗುವುದು, ಏನು ಒತ್ತಿದರೂ ಮಾತಿಲ್ಲ. ಎರಡನ್ನೂ ನಾನು ಮಲ್ಲಣ್ಣನ ಮೋಟಾರಿನ ತಲೆಗೇ ಕಟ್ಟುತ್ತಿದ್ದೆ. ಪ್ರತಿ ವರದಿಯ ಕೊನೆಗೆ ಒಂದು ಸಾಲು ಖಾಯಂ: ‘ಯಂತ್ರ ನಡುನಡುವೆ ನಿಂತಿತು, ಇದು ನಮ್ಮ ಊರಿನ ಕರೆಂಟಿನ ತಪ್ಪು, ದಯವಿಟ್ಟು ಕ್ಷಮಿಸಿ.’ ಅಲ್ಲಿ ಕೂತವರು ಅಷ್ಟು ಓದಿದವರು, ಅವರು ಬರೆದದ್ದರಲ್ಲಿ ತಪ್ಪಿರುತ್ತದೆಯೇ? ತಪ್ಪೇನಿದ್ದರೂ ನಮ್ಮ ಕಡೆಯದೇ ಇರಬೇಕು. ಯಾರೂ ನನಗೆ ಹಾಗೆಂದು ಹೇಳಿರಲಿಲ್ಲ, ನಾನೇ ಹಾಗೆ ತಿಳಿದುಕೊಂಡುಬಿಟ್ಟಿದ್ದೆ.

ಯಂತ್ರಕ್ಕಾಗಿ ಪಟ್ಟ ಪಾಡು ಒಂದೆರಡಲ್ಲ. ಒಮ್ಮೆ ಅದರ ವಿದ್ಯುತ್ ಪೆಟ್ಟಿಗೆ ಸುಟ್ಟು ಯಾದಗಿರಿಗೆ ಹೊತ್ತುಕೊಂಡು ಹೊರಟೆ. ಬಸ್ಸಿನಲ್ಲಿ ತೊಡೆಯ ಮೇಲೆ ಸೀರೆಯ ಸೆರಗು ಮುಚ್ಚಿಕೊಂಡು ಕೂತಿದ್ದೆ. ಪಕ್ಕದ ಅಜ್ಜಿ ಸೆರಗು ಎತ್ತಿ ನೋಡಿ, “ಯವ್ವಾ, ಕೂಸಂತ ತಿಳದಿದ್ದೆ” ಅಂದಳು. ಯಾದಗಿರಿಯ ರಿಪೇರಿ ಅಂಗಡಿಯವನು ಪೆಟ್ಟಿಗೆ ತಿರುಗಿಸಿ ನೋಡಿ, “ಅಮ್ಮಾರ, ಇದು ನಮ್ಮ ಉಸ್ತಾದರ ಕಾಲದ್ದು ಅದ, ಇದಕ್ಕ ನಮಸ್ಕಾರ ಮಾಡಬಹುದ್ರಿ, ರಿಪೇರಿ ಆಗಂಗಿಲ್ಲ” ಅಂದ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಏಳುವುದಿಲ್ಲ ಎಂದು ತಿಳಿದ ಮೇಲೆ ಅವನೇ ಉಸ್ತಾದರನ್ನು ಮನೆಯಿಂದ ಕರೆಸಿದ. ಆ ಮುದುಕರು ಕನ್ನಡಕ ಹಣೆಗೆ ಏರಿಸಿ, ಎರಡು ಬಿಡಿಭಾಗ ಬದಲಿಸಿ, “ಜೀವ ಅದ ಇನ್ನಾ” ಎಂದು ಕೊಟ್ಟರು. ಮರಳಿ ಬರುವಾಗ ಸೆರಗು ಮುಚ್ಚಲಿಲ್ಲ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಬಂದೆ.

ಹೀಗಿರುವಾಗ, ದಸರೆ ಮುಗಿದ ವಾರವೇ ಬಳಗದಿಂದ ಆ ಪತ್ರ ಬಂತು. ಹಳೆಯ ಪ್ರೊಸೆಸರುಗಳನ್ನು ಒಂದೊಂದಾಗಿ ಕೈಬಿಡುವ ವಿಚಾರ ನಡೆದಿದೆ, ಕಾಪಾಡುವ ಕೈಗಳು ಕಡಿಮೆ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಅಂದರೆ ನನ್ನ ಪ್ರೊಸೆಸರಿನದು. ಅದು ಮೇಲಿಂದ ಮೇಲೆ ನಿಲ್ಲುತ್ತದೆ ಎಂದು ವರದಿಗಳೇ ಹೇಳುತ್ತಿವೆಯಲ್ಲ ಎಂದು ಒಬ್ಬರು ಬರೆದಿದ್ದರು. ಆ ವರದಿಗಳು ನನ್ನವೇ! ಪೀಟರ್ ವಾದಿಸಿ ಒಂದು ಅವಕಾಶ ಕೊಡಿಸಿದ್ದರು. ಮುಂದಿನ ಆವೃತ್ತಿ ಹೊರಬರುವುದರೊಳಗೆ ನಿಜವಾದ ಯಂತ್ರದ ಮೇಲೆ ಇಡೀ ವ್ಯವಸ್ಥೆಯನ್ನು ಮೊದಲಿನಿಂದ ಕೊನೆಯವರೆಗೆ, ಒಮ್ಮೆಯೂ ನಿಲ್ಲದಂತೆ ಕಟ್ಟಿ ತೋರಿಸಬೇಕು. ತೋರಿಸಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಲೆಕ್ಕ ಹಾಕಿದೆ, ಎಳ್ಳಮಾವಾಸ್ಯೆಯ ಹೊತ್ತಿಗೆ ಗಡುವು ಮುಗಿಯುತ್ತಿತ್ತು.

ನನಗೆ ಅಳುವೇ ಬಂತು. ಅಳುವುದಕ್ಕೇನಿದೆ ಅನ್ನಬೇಡಿ. ಪಟ್ಟಿಯಿಂದ ಅದರ ಹೆಸರು ಹೋದರೆ ಈ ಯಂತ್ರ ನಿಜಕ್ಕೂ ಮೋಡಕಾ ಸಾಮಾನು. ಜೊತೆಗೆ ನಾನೂ. ಆ ದೊಡ್ಡ ಬಳಗದಲ್ಲಿ ನನ್ನನ್ನು ಕೇಳುವವರಿದ್ದದ್ದು ಇದೊಂದರ ಸಲುವಾಗಿ.

ಕಟ್ಟುವುದು ಅಂದರೆ ಏನೆಂದು ಮಲ್ಲಣ್ಣನಿಗೂ ಹೇಳಬೇಕಾಯಿತು, ಅವನ ಸಹಕಾರ ಬೇಕಿತ್ತಲ್ಲ. “ಮನುಷ್ಯಾರು ಬರದಿದ್ದು ಜೋಳ ಇದ್ದಂಗ ಮಲ್ಲಣ್ಣ. ಅದು ಯಂತ್ರಕ್ಕ ಹೋಗಬೇಕಂದ್ರ ಹಿಟ್ಟಾಗಬೇಕು. ಅದನ್ನ ಇದೇ ಬೀಸಬೇಕು” ಅಂದೆ.

“ಎಷ್ಟೊತ್ತು ಬೀಸ್ತದ್ರಿ?”

“ಹನ್ನೊಂದು ದಿನ.”

ಮಲ್ಲಣ್ಣ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದ. “ಕಲ್ಲು ಸವದಾವ ಕಾಣ್ತದ್ರಿ” ಅಂದ.

ದೀಪಾವಳಿಯ ಆಸುಪಾಸು ಮೂರು ಸಲ ಶುರು ಮಾಡಿದೆ. ಒಂದು ಸಲ ನಾಲ್ಕನೆಯ ದಿನ ನಿಂತಿತು, ಒಂದು ಸಲ ಎರಡನೆಯ ದಿನ, ಇನ್ನೊಂದು ಸಲ ಒಂಬತ್ತನೆಯ ದಿನ. ಆ ಒಂಬತ್ತನೆಯ ದಿನ ನಾನು ಗಿರಣಿಗೆ ಹೋಗಿ ಹಿಟ್ಟಿಗೆ ಬಂದವರ ಮುಂದೆಯೇ ಮಲ್ಲಣ್ಣನಿಗೆ ಬಾಯಿಗೆ ಬಂದಂತೆ ಅಂದುಬಿಟ್ಟೆ. ನನ್ನ ಒಂಬತ್ತು ದಿನ ನೀರಾಗ ಹಾಕಿದಿ, ನಿನ್ನ ಮೋಟಾರಕ್ಕ ಏನ್ ಬಂದದ ಧಾಡಿ, ಇನ್ನೂ ಏನೇನೋ. ಅವನು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖದ ಹಿಟ್ಟು ಒರೆಸಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ, “ನನ್ನ ಗಿರಣಿ ಊರಾಗೆಲ್ಲಾ ಬದನಾಮ ಆತಲ್ರಿ ಅಕ್ಕೋರ” ಅಂದ. ಅಲ್ಲಿದ್ದ ಹೆಣ್ಣುಮಕ್ಕಳು ನನ್ನನ್ನು ನೋಡಿದ ರೀತಿಗೆ ನಾನು ಅಲ್ಲಿ ನಿಲ್ಲದೆ ಮನೆಗೆ ಬಂದೆ.

ನಾಲ್ಕನೆಯ ಸಲ ಶುರು ಮಾಡಿದ್ದು ದೀಪಾವಳಿಯ ಮುಂದಿನ ಅಮಾವಾಸ್ಯೆಗೆ, ಅಂದರೆ ಛಟ್ಟಿ ಅಮಾವಾಸ್ಯೆಗೆ, ಐದು ದಿನ ಮುಂಚೆ. ನಮ್ಮ ಕಡೆ ಅಮಾವಾಸ್ಯೆಯ ದಿನ ಗಿರಣಿ ಓಡಿಸುವುದಿಲ್ಲ. ಸೋಮವಾರ ಎತ್ತಿಗೆ ನೊಗ ಹೂಡದ ಹಾಗೆ, ಅಮಾವಾಸ್ಯೆಗೆ ಮಷೀನಿಗೆ ವಿಶ್ರಾಂತಿ. ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದು ಬಾಗಿಲು ಹಾಕುತ್ತಾರೆ. ಮಲ್ಲಣ್ಣ ಆ ದಿನ ಮಧ್ಯಾಹ್ನ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು ಕಾಯಿಯ ಹೋಳು, ಒಂದಿಷ್ಟು ಕರಿಗಡಬು ತಂದ. ನಾನು ಅಂದದ್ದನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ, ಅಥವಾ ಇಟ್ಟುಕೊಂಡೂ ತಂದಿದ್ದ. ಹಿಟ್ಟಿಲ್ಲದ ಅವನ ಮುಖ ಗುರುತು ಹಿಡಿಯಲು ನನಗೆ ಯಾವಾಗಲೂ ಒಂದು ಕ್ಷಣ ಬೇಕು. ಬಾ ಕೂಡು ಅಂದೆ. ಯಜಮಾನರು ಕಡಬಿಗೆ ಕೈ ಹಾಕಿದರು. ನಾವು ಮೂವರೂ ಕಂಪ್ಯೂಟರಿನ ಮುಂದೆ ಕೂತು ತಿನ್ನುತ್ತಿರುವಾಗಲೇ, ಸರಸರನೆ ಮೇಲೇರುತ್ತಿದ್ದ ಅಕ್ಷರಗಳು ನಿಂತವು.

ನಾನು ಒಂದು ಕೀಲಿ ಒತ್ತಿದೆ, ಇನ್ನೊಂದು ಒತ್ತಿದೆ. ಗರಬಡಿದಂತೆ ಸ್ತಬ್ಧ. ತಲೆ ಎತ್ತಿ ಬಲ್ಬು ನೋಡಿದೆ. ಅದು ನೆಟ್ಟಗೆ ಉರಿಯುತ್ತಿತ್ತು. ಬೆಳಗಿನಿಂದ ಒಮ್ಮೆಯೂ ಮಿಣುಕಿರಲಿಲ್ಲ.

ಮಲ್ಲಣ್ಣ ಕಡಬು ಕೆಳಗಿಟ್ಟ. ಕೈ ಒರೆಸಿಕೊಂಡ. “ಅಕ್ಕೋರ, ಇವತ್ತ ಅಮಾಸಿ ಅದ. ಗಿರಣಿ ಕೀಲಿ ಹಾಕೇನಿ. ಕೀಲಿಕೈ ಇಲ್ಲೇ ಅದ ನೋಡ್ರಿ” ಎಂದು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟ. “ಇವತ್ತರ ನನ್ನ ಮ್ಯಾಲ ಹಾಕಬ್ಯಾಡ್ರಿ.”

“ಖರೇನ ಅದ ಅವಂದು” ಅಂದರು ಯಜಮಾನರು, ಬಾಯಿ ತುಂಬ ಕಡಬು. ಈ ಯಂತ್ರದ ವಿಷಯದಲ್ಲಿ ಅವರು ಬಾಯಿ ಹಾಕಿ ಸರಿಯಾದ ಮಾತು ಹೇಳಿದ್ದು ಅದೊಂದೇ ಸಲ.

ಹಾಗಾದರೆ ಹಿಂದಿನ ಅಮಾವಾಸ್ಯೆಗಳಂದು? ಎದ್ದು ಕಪಾಟಿನಿಂದ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತೆಗೆದೆ. ಗೋಡೆಯ ಕ್ಯಾಲೆಂಡರುಗಳನ್ನೂ ನಾನು ಎಸೆಯುವವಳಲ್ಲ, ಅವೂ ಹೊರಗೆ ಬಂದವು. ಮೂವರೂ ಚಾಪೆಯ ಮೇಲೆ ಕೂತೆವು. ಯಜಮಾನರು ಅಮಾವಾಸ್ಯೆಯ ದಿನಾಂಕ ಓದಬೇಕು, ನಾನು ನೋಟ್‌ಬುಕ್ಕಿನಲ್ಲಿ ಆ ದಿನ ಹುಡುಕಬೇಕು, ಮಲ್ಲಣ್ಣ “ಬಂದ್ ಇತ್ರಿ” ಎಂದು ಸಾಕ್ಷಿ ಹೇಳಬೇಕು. ಹಿಂದೆಯೂ ಎಷ್ಟೋ ಅಮಾವಾಸ್ಯೆಗಳಂದು ಯಂತ್ರ ನಿಂತಿತ್ತು. ಕಪ್ಪಾಗಿ ಮೊದಲಿನಿಂದ ಶುರುವಾದದ್ದು ಒಮ್ಮೆಯೂ ಇಲ್ಲ. ಎಲ್ಲವೂ ಕಣ್ಣು ಬಿಟ್ಟುಕೊಂಡು ಸ್ತಬ್ಧವಾದದ್ದೇ. ಅಂದರೆ ಕಪ್ಪಾಗುವುದು ಮೋಟಾರಿನದು, ಸ್ತಬ್ಧವಾಗುವುದು ಮೋಟಾರಿನದಲ್ಲ. ಇಷ್ಟು ಕಾಲ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಬಡಪಾಯಿಯ ಬೆನ್ನ ಮೇಲೆ ಹೊರಿಸಿದ್ದೆ. ಪ್ರತಿ ವರದಿಯ ಕೆಳಗೆ ಕ್ಷಮೆ ಬೇರೆ ಕೇಳಿದ್ದೆ!

ಅಂದೇ ಬಳಗಕ್ಕೆ ಬರೆದೆ. ಕ್ಷಮೆಯ ಸಾಲು ಇಲ್ಲದ ನನ್ನ ಮೊದಲ ಪತ್ರ ಅದು. ‘ಇಂದು ಅಮಾವಾಸ್ಯೆ. ಆದರೂ ಯಂತ್ರ ನಿಂತಿತು. ಹಿಂದಿನ ಅಮಾವಾಸ್ಯೆಗಳ ಪಟ್ಟಿ ಲಗತ್ತಿಸಿದೆ. ಆದ್ದರಿಂದ ತಪ್ಪು ನಿಮ್ಮ ಬರಹದಲ್ಲಿದೆ, ದಯಮಾಡಿ ಹುಡುಕಿರಿ.’ ನನಗಂತೂ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವೇ ಇರಲಿಲ್ಲ.

ಅಲ್ಲಿ ದೊಡ್ಡ ಗಡಿಬಿಡಿಯಾಯಿತು. ಚಂದ್ರನಿಗೂ ಪ್ರೊಸೆಸರಿಗೂ ಏನು ಸಂಬಂಧ ಎಂದು ಒಬ್ಬರು ಕೇಳಿದರು. ಸಮುದ್ರದ ಉಬ್ಬರವಿಳಿತದ ಹಾಗೆ ಏನಾದರೂ ಇರಬಹುದೇ ಎಂದು ಇನ್ನೊಬ್ಬರು ಗಂಭೀರವಾಗಿ ವಿಚಾರ ಮಾಡಿದರು. ಮೂರನೆಯವರು, ಇಂಥ ನಂಬಿಕೆಗಳಿಗೆ ಇಲ್ಲಿ ಜಾಗವಿಲ್ಲ ಎಂದು ಒರಟಾಗಿ ಬರೆದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ರಂಗಂಪೇಟೆಯಲ್ಲಿ ಯಾರನ್ನು ಕೇಳಿದರೂ ಅಮಾವಾಸ್ಯೆಗೆ ಗಿರಣಿ ಬಂದ್ ಎಂದು ಹೇಳುತ್ತಾರೆ, ಇವರಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಒಂದು ಗಳಿಗೆ ನಿಜವಾಗಿ ಆಶ್ಚರ್ಯಪಟ್ಟೆ. ಆಮೇಲೆ ಕೂತು ಗಿರಣಿ, ಗೋಡೆ, ಮೋಟಾರು, ಬಲ್ಬು, ಮಲ್ಲಣ್ಣ, ಕೀಲಿಕೈ ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಬರೆದೆ. ಕಡಬನ್ನು ಮಾತ್ರ ಬಿಟ್ಟೆ.

 ಮೂರನೆಯ ದಿನ ಪೀಟರ್ ಬರೆದರು, ಇದುವರೆಗೆ ಯಾರೂ ಇಷ್ಟು ಒಳ್ಳೆಯ ಸಾಕ್ಷ್ಯ ಕಳಿಸಿಲ್ಲ, ನಾನು ಹುಡುಕುತ್ತೇನೆ ಎಂದು. ನಾನು ಇಲ್ಲಿ ಓಡಿಸಿ ನೋಡುವುದು, ಅವರು ಅಲ್ಲಿ ತಿದ್ದುವುದು, ಹೀಗೆ ಸುಮಾರು ಎರಡು ವಾರ ಹತ್ತಿತು. ಕೊನೆಗೆ ಸಿಕ್ಕಿತು. ವ್ಯವಸ್ಥೆಯ ಯಾವುದೋ ಮೂಲೆಯಲ್ಲಿ, ಅಪರೂಪಕ್ಕೆ ಹೋಗುವ ದಾರಿಯಲ್ಲಿ, ಹೊಸ ಪ್ರೊಸೆಸರುಗಳಿಗೆ ಮಾತ್ರ ತಿಳಿಯುವ ಒಂದು ಆಜ್ಞೆ ಸೇರಿಕೊಂಡಿತ್ತು. ಹಳೆಯದರ ಹಾಗೆ ನಟಿಸುವ ಪ್ರೋಗ್ರಾಮುಗಳು ತಿಳಿಯದ ಆಜ್ಞೆಯನ್ನೂ ತಿಳಿದವರ ಹಾಗೆ ನುಂಗಿಕೊಂಡು ಮುಂದೆ ಹೋಗುತ್ತಿದ್ದವು. ನನ್ನ ಯಂತ್ರ ಮಾತ್ರ ಪ್ರಾಮಾಣಿಕವಾಗಿ, ನನಗೆ ಗೊತ್ತಿಲ್ಲ ಎಂದು ನಿಂತುಬಿಡುತ್ತಿತ್ತು. ಪೀಟರ್ ಆ ಒಂದು ಸಾಲು ತೆಗೆದು ಬೇರೆ ಬರೆದರು. ಆ ಒಂದು ಸಾಲಿಗಾಗಿ ನಾನೂ ಮಲ್ಲಣ್ಣನೂ ಎಷ್ಟು ಕಾಲ ಬೈಗುಳ ಹಂಚಿಕೊಂಡಿದ್ದೆವು!

ಈಗ ಉಳಿದದ್ದು ಹನ್ನೊಂದು ದಿನದ ಬೀಸುವಿಕೆ. ಗಡುವಿಗೆ ಅದಕ್ಕಿಂತ ಒಂದೇ ದಿನ ಹೆಚ್ಚು ಉಳಿದಿತ್ತು, ಒಮ್ಮೆ ನಿಂತರೆ ಮತ್ತೊಮ್ಮೆ ಶುರು ಮಾಡಲು ಸಮಯವಿಲ್ಲ. ಸ್ತಬ್ಧವಾಗುವುದೇನೋ ಹೋಯಿತು, ಆದರೆ ಕಪ್ಪಾಗುವುದು ಹೋಗಿರಲಿಲ್ಲ, ಅದು ಮೋಟಾರಿನದೇ ತಾನೇ. ಅದೂ ಎಳ್ಳಮಾವಾಸ್ಯೆಯ ಮುಂಚಿನ ದಿನಗಳು. ಹೊಲಕ್ಕೆ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಕೊಡಲು ಹೋಗುವ ಪ್ರತಿ ಮನೆಗೂ ಸಜ್ಜೆಯ ಹಿಟ್ಟು ಬೇಕು, ಜೋಳದ ಹಿಟ್ಟು ಬೇಕು. ಗಿರಣಿಯ ಮುಂದೆ ಡಬ್ಬಿಗಳ ಸಾಲು ಬೀದಿಯ ತಿರುವಿನವರೆಗೆ. ನಿಲ್ಲಿಸು ಎಂದು ಯಾವ ಬಾಯಿಂದ ಕೇಳಲಿ? ಊರಿನ ರೊಟ್ಟಿಗಿಂತ ನನ್ನ ಪ್ರೊಸೆಸರ್ ದೊಡ್ಡದೇ? ನಾನು ಕೇಳಲಿಲ್ಲ. ಹನ್ನೊಂದು ದಿನ ಆಗಬೇಕು ಎಂದು ಮಾತ್ರ ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಗೋಡೆಯಾಚೆ ಏನೋ ಎಳೆಯುವ, ಬಡಿಯುವ ಸದ್ದು. ಹೋಗಿ ನೋಡಿದರೆ ಮಲ್ಲಣ್ಣ ಹಿಂದಿನ ಖೋಲಿಯಿಂದ ಅಪ್ಪನ ಡೀಸೆಲ್ ಇಂಜಿನ್ ಹೊರಗೆ ತೆಗೆಸಿದ್ದ. ಕರೆಂಟ್ ಮೋಟಾರು ಬಂದಾಗಿನಿಂದ ಅದು ಓಡಿರಲಿಲ್ಲ. ಆದರೂ ಪ್ರತಿ ಅಮಾವಾಸ್ಯೆಗೂ ಅದಕ್ಕೆ ಎಣ್ಣೆ ಬಿಟ್ಟು, ಒರೆಸಿ, ವಿಭೂತಿ ಹಚ್ಚುತ್ತಿದ್ದನಂತೆ. ನಮ್ಮ ಮನೆಯಲ್ಲಿ ಒಬ್ಬಳೇ ಹುಚ್ಚಿ ಎಂದು ತಿಳಿದಿದ್ದೆ, ಗೋಡೆಯಾಚೆಯೂ ಒಬ್ಬನಿದ್ದ.

“ಇದು ಓಡ್ತದೇನೋ ಮಲ್ಲಣ್ಣ?”

“ಯಾಕ ಓಡಂಗಿಲ್ರಿ? ನಿಮ್ದು ಓಡಾಕತ್ತಿಲ್ಲೇನು?” ಅಂದ. ಆಮೇಲೆ ಪಟ್ಟಾ ಬಿಗಿಯುತ್ತಾ, ನನ್ನ ಕಡೆ ನೋಡದೆ ಹೇಳಿದ, “ಈ ಸಲ ನಿಂತ್ರ ನನ್ನ ಗಿರಣಿಯಿಂದ ನಿಂತಿತು ಅನ್ನಬಾರದ್ರಿ ಯಾರೂ.”

ಹ್ಯಾಂಡಲ್ ತಿರುವಲು ನಾಲ್ಕು ಜನ ಬೇಕಾಯಿತು. ಅದರಲ್ಲಿ ನಮ್ಮ ಯಜಮಾನರೂ ಒಬ್ಬರು. ಮೊದಲು ಕೆಮ್ಮಿತು, ಕಪ್ಪು ಹೊಗೆಯನ್ನು ನೇರ ಅವರ ಇಸ್ತ್ರಿ ಅಂಗಿಯ ಮೇಲೆ ಉಗುಳಿತು, ಮೂರನೆಯ ಸಲಕ್ಕೆ ಹಿಡಿದುಕೊಂಡಿತು. ಟುಕ್ ಟುಕ್ ಸದ್ದು ಕೇಳಿ ವಯಸ್ಸಾದವರೆಲ್ಲ ಮನೆಗಳಿಂದ ಹೊರಗೆ ಬಂದರು. ನನ್ನ ಅವ್ವ ಇದ್ದಿದ್ದರೆ ಡಬ್ಬಿ ಹುಡುಕುತ್ತಿದ್ದಳು.

ಹನ್ನೊಂದು ದಿನ ಅದು ಅಲ್ಲಿ ಬೀಸಿತು, ಇದು ಇಲ್ಲಿ ಬೀಸಿತು. ಒಂದೆರಡು ಸಲ ಕರೆಂಟು ಹೋದಾಗ ಇನ್ವರ್ಟರ್ ತನ್ನ ಕೆಲಸ ಮಾಡಿತು. ಯಜಮಾನರು ದಿನಕ್ಕೆ ಹತ್ತು ಸಲ ಬಂದು ಪರದೆ ನೋಡಿ, ಏನೂ ತಿಳಿಯದಿದ್ದರೂ ತಲೆಯಾಡಿಸಿ ಹೋಗುತ್ತಿದ್ದರು. ಫ್ಯಾನಿನ ಸ್ವಿಚ್ಚನ್ನು ಕೂಡ ನನ್ನನ್ನು ಕೇಳಿ ಒತ್ತುತ್ತಿದ್ದರು. ಎಳ್ಳಮಾವಾಸ್ಯೆಯ ಹಿಂದಿನ ದಿನ, ಗಿರಣಿಯ ಸಾಲು ಅತಿ ಉದ್ದವಿದ್ದ ಹೊತ್ತಿನಲ್ಲಿ, ಪರದೆಯ ಮೇಲೆ ಕೊನೆಯ ಸಾಲು ಬಂತು. ಮುಗಿಯಿತು, ತಪ್ಪು ಯಾವುದೂ ಇಲ್ಲ. ನಾನು ನಾಲ್ಕು ಸಲ ಓದಿದೆ.  ವರದಿ ಕಳಿಸಿ, ಸೀರೆಯ ಸೆರಗಿನಿಂದ ಯಂತ್ರದ ನೆತ್ತಿ ಒರೆಸಿದೆ. ಅಷ್ಟು ಹೆಮ್ಮೆ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ಯಜಮಾನರಿಗೆ ಹೇಳಬೇಡಿ.

ಪ್ರೊಸೆಸರ್ ಪಟ್ಟಿಯಲ್ಲಿ ಉಳಿಯಿತು. ಕೆಲವು ವಾರಗಳ ನಂತರ ಹೊಸ ಆವೃತ್ತಿ ಬಂತು. ಆ ಬಳಗದಲ್ಲಿ ಒಂದು ಸಾಲು ತಿದ್ದಿದರೂ ಯಾಕೆ ತಿದ್ದಿದೆವು, ಯಾರು ಕಂಡುಹಿಡಿದರು ಎಂದು ಅದರ ಜೊತೆಗೆ ಬರೆದಿಡುವ ಶಿಸ್ತಿದೆ. ಪೀಟರ್ ಬರೆದದ್ದನ್ನು ಓದಿದವಳೇ ಫೋನು ಹಿಡಿದುಕೊಂಡು ಗಿರಣಿಗೆ ಓಡಿದೆ. ಮೋಟಾರು ನಿಲ್ಲಿಸಲು ಹೇಳಿ, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಮಲ್ಲಣ್ಣನಿಗೆ ಓದಿದೆ:

‘ಈ ತಪ್ಪನ್ನು ಕಂಡುಹಿಡಿದು ತೋರಿಸಿದವರು ರಂಗಂಪೇಟೆಯ ಅಕ್ಕೋರು ಮತ್ತು ಅವರ ನೆರೆಯ ಮಲ್ಲಣ್ಣ. ನಾವು ಬಹಳ ಕಾಲ ಅಲ್ಲಿಯ ಕರೆಂಟನ್ನೂ ಗಿರಣಿಯನ್ನೂ ದೂರಿದೆವು. ತಪ್ಪು ಅವುಗಳದ್ದಾಗಿರಲಿಲ್ಲ, ನಮ್ಮದಾಗಿತ್ತು.’

ಮಲ್ಲಣ್ಣ ಫೋನಿನ ಪರದೆಯನ್ನು ದೂರದಿಂದಲೇ ನೋಡಿದ, ಮುಟ್ಟಲಿಲ್ಲ. ಕೈಗೆ ಹಿಟ್ಟಾಗಿತ್ತು.

“ಇದು ಎಲ್ಲಾರಿಗೂ ಕಾಣ್ತದೇನ್ರಿ?”

“ಇಡೀ ದುನಿಯಾಕ್ಕ ಕಾಣ್ತದ.”

“ಮುಂದ ಯಾರರ ಅಳಿಸಿದ್ರ?”

“ಅಳಿಸಾಕ ಬರಂಗಿಲ್ಲ ಮಲ್ಲಣ್ಣ. ಒಮ್ಮಿ ಬರದ್ರ ಆತು, ಆ ವ್ಯವಸ್ಥಾ ಇರೂತನಕ ಇರ್ತದ.”

ಅವನು ತಿರುಗಿ, ಡಬ್ಬಿಗಳ ಹಿಂದೆ ನಿಂತಿದ್ದ ಹೆಣ್ಣುಮಕ್ಕಳನ್ನು ನೋಡಿದ. ಆ ದಿನ ನಾನು ಕೂಗಾಡುವಾಗ ನಿಂತು ಕೇಳಿದವರಲ್ಲಿ ಇಬ್ಬರು ಮೂವರು ಅಲ್ಲಿದ್ದರು. ಅವನು ಕೈಸನ್ನೆ ಮಾಡಿ ಎಲ್ಲರನ್ನೂ ಹತ್ತಿರ ಕರೆದ.

“ಹಂಗಾದ್ರ ಅಕ್ಕೋರ, ಇನ್ನೊಮ್ಮಿ ಓದ್ರಿ. ಜರಾ ಜೋರಾಗಿ ಓದ್ರಿ” ಅಂದ.

ನಾನು ಕಟ್ಟೆಯ ಮೇಲೆ ಹತ್ತಿ ನಿಂತೆ. ಬೀದಿಗೆಲ್ಲ ಕೇಳುವಂತೆ ಓದಿದೆ.